ಸಣ್ಣ ಪರಿಸರ ಕಾಲೇಜಿಗೆ ನೆರವು: ದೇಣಿಗೆಯ ಯಾವ ದಾರಿ ಯಾರಿಗೆ ಹೊಂದುತ್ತದೆ?

ಪರಿಸರ ಶಿಕ್ಷಣಕ್ಕೆ ಕೈಲಾದಷ್ಟು ಹಣ ಕೊಡಬೇಕೆಂದು ಬಯಸುವವರು ಬೆಂಗಳೂರಿನಲ್ಲಿ ಕಡಿಮೆಯೇನಿಲ್ಲ. ಬಡಾವಣೆಯ ಕೆರೆ ಉಳಿಸಲು ವರ್ಷಗಟ್ಟಲೆ ಓಡಾಡಿದ ನಿವೃತ್ತ ನೌಕರರಿದ್ದಾರೆ, ತಂದೆತಾಯಿಯ ಹೆಸರಿನಲ್ಲಿ ಶಾಶ್ವತವಾದದ್ದೇನಾದರೂ ಆಗಲಿ ಎಂದು ಹಂಬಲಿಸುವ ಮಕ್ಕಳಿದ್ದಾರೆ, ಸಂಬಳದಲ್ಲಿ ಒಂದು ಪಾಲನ್ನು ಒಳ್ಳೆಯ ಕೆಲಸಕ್ಕೆ ತೆಗೆದಿಡುವ ಯುವ ಎಂಜಿನಿಯರ್‌ಗಳೂ ಇದ್ದಾರೆ. ಇವರಲ್ಲಿ ಹೆಚ್ಚಿನವರು ದೇಣಿಗೆಯ ವಿಧಾನವನ್ನು ಹೋಲಿಸಿ ನೋಡದೆ, ಮೊದಲು ಕಣ್ಣಿಗೆ ಬಿದ್ದ ದಾರಿಯಲ್ಲಿ ಹಣ ಕಳುಹಿಸಿಬಿಡುತ್ತಾರೆ. ಆದರೆ ಒಂದೇ ಮೊತ್ತವು ಬೇರೆ ಬೇರೆ ದಾರಿಯಲ್ಲಿ ಬಂದಾಗ ಸಣ್ಣ ಕಾಲೇಜಿಗೆ ಆಗುವ ಉಪಯೋಗದಲ್ಲಿ ಬಹಳ ವ್ಯತ್ಯಾಸವಿರುತ್ತದೆ. ಆ ವ್ಯತ್ಯಾಸ ಯಾವುದರಿಂದ ಬರುತ್ತದೆ, ಯಾರಿಗೆ ಯಾವ ದಾರಿ ಹೊಂದುತ್ತದೆ ಎಂಬುದನ್ನು ವಿವರಿಸುವುದು ಈ ಬರಹದ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ನೂರರಿಂದ ಮುನ್ನೂರು ವಿದ್ಯಾರ್ಥಿಗಳಿರುವ ಕಾಲೇಜಿಗೆ, ಇಂಥದ್ದಕ್ಕೇ ಖರ್ಚಾಗಬೇಕು ಎಂಬ ಕಟ್ಟುಪಾಡಿಲ್ಲದೆ ತಿಂಗಳು ತಿಂಗಳೂ ತಪ್ಪದೆ ಬರುವ ಸಣ್ಣ ಹಣವೇ ಎಲ್ಲಕ್ಕಿಂತ ಹೆಚ್ಚು ಬಾಳುತ್ತದೆ.

ಕಾಲೇಜಿನ ಖರ್ಚು ಎಲ್ಲಿ ಆಗುತ್ತದೆ

ಬೆಂಗಳೂರಿನ ಜಕ್ಕೂರು ಕೆರೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸುಮಾರು 160 ಎಕರೆಯ ಈ ಕೆರೆಗೆ, ಕೊಳಚೆ ನೀರು ಶುದ್ಧೀಕರಣ ಘಟಕದಿಂದ ಹೊರಬಂದ ನೀರು ಜೊಂಡು ಬೆಳೆದ ಜೌಗು ಪ್ರದೇಶವನ್ನು ಹಾದು ಸೇರುತ್ತದೆ. ಪರಿಸರ ವಿಜ್ಞಾನ ಓದುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಪಾಠದ ಕೋಣೆ ನಗರದಲ್ಲಿ ಸಿಗುವುದು ಕಷ್ಟ. ನೀರು ಒಳಬರುವ ಕಡೆ, ಜೌಗು ಮುಗಿಯುವ ಕಡೆ ಮತ್ತು ಕೋಡಿಯ ಬಳಿ ಅವರು 300 ಮಿಲಿಲೀಟರಿನ ಗಾಜಿನ ಬಾಟಲಿಗಳಲ್ಲಿ ಗಾಳಿಯ ಗುಳ್ಳೆ ಸೇರದಂತೆ ನೀರು ತುಂಬಿಕೊಳ್ಳುತ್ತಾರೆ. ದಡದಲ್ಲಿಯೇ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡ್ ದ್ರಾವಣ ಹಾಕಿದಾಗ, ನೀರಿನಲ್ಲಿ ಆಮ್ಲಜನಕ ಇದ್ದರೆ ಕಂದು ಬಣ್ಣದ ಚರಟ ಕೂರುತ್ತದೆ. ಆಮ್ಲಜನಕ ಇಲ್ಲದಿದ್ದರೆ ಅದು ಬೆಳ್ಳಗೇ ಉಳಿಯುತ್ತದೆ. ಲ್ಯಾಬಿಗೆ ಬಂದ ಮೇಲೆ, ಆಮ್ಲಜನಕ ಎಷ್ಟಿದೆ ಎಂದು ಅಳೆಯಲು, ಆಮ್ಲ ಸೇರಿಸಿ, ಪಿಷ್ಟದ ದ್ರಾವಣ ಹಾಕಿ, ಬ್ಯುರೆಟ್‌ನಿಂದ ಥಯೋಸಲ್ಫೇಟನ್ನು ಹನಿ ಹನಿಯಾಗಿ ಬಿಡುತ್ತಾ ನೀಲಿ ಬಣ್ಣ ಮಾಯವಾಗುವ ಆ ಒಂದು ಹನಿಗಾಗಿ ಕಾಯುತ್ತಾರೆ. ನೀರಿನ ಬಿಒಡಿ (ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಪ್ರಮಾಣ) ತಿಳಿಯಬೇಕಾದರೆ ಇನ್ನೊಂದಷ್ಟು ಬಾಟಲಿಗಳನ್ನು 27 ಡಿಗ್ರಿಯಲ್ಲಿ ಮೂರು ದಿನ ಇನ್‌ಕ್ಯುಬೇಟರ್‌ನಲ್ಲಿ ಇಡಬೇಕು.

ಇಷ್ಟು ಸಣ್ಣ ಪ್ರಯೋಗಕ್ಕೆ ಏನೇನು ಬೇಕಾಯಿತು ನೋಡಿ. ವಿದ್ಯಾರ್ಥಿಗಳನ್ನು ಕರೆದೊಯ್ಯಲು ಒಂದು ಟೆಂಪೋ ಟ್ರಾವೆಲರ್, ತಿಂಗಳು ತಿಂಗಳೂ ಮುಗಿಯುವ ರಾಸಾಯನಿಕಗಳು, ಒಡೆಯುವ ಗಾಜಿನ ಸಾಮಾನು, ಮೂರು ದಿನವೂ ಕರೆಂಟು ಹೋಗದಂತೆ ನೋಡಿಕೊಳ್ಳುವ ಯುಪಿಎಸ್, ಅದರ ಬ್ಯಾಟರಿ, ಇವೆಲ್ಲವನ್ನೂ ಸಿದ್ಧಪಡಿಸುವ ಲ್ಯಾಬ್ ಸಹಾಯಕರು ಮತ್ತು ಅವರ ಸಂಬಳ. ಈ ಪಟ್ಟಿಯಲ್ಲಿ ದಾನಿಯ ಹೆಸರು ಕೆತ್ತಿಸಿ ಗೋಡೆಗೆ ಹಾಕುವಂಥ ವಸ್ತು ಒಂದೂ ಇಲ್ಲ. ಇನ್‌ಕ್ಯುಬೇಟರ್ ಕೊಡಲು ದಾನಿಗಳು ಸಿಗುತ್ತಾರೆ; ಪಿಎಚ್ ಮೀಟರನ್ನು ಸರಿಹೊಂದಿಸುವ ಬಫರ್ ದ್ರಾವಣಕ್ಕೆ ಹಣ ಕೇಳಿದರೆ ಯಾರಿಗೂ ಉತ್ಸಾಹ ಬರುವುದಿಲ್ಲ. ಹೀಗಾಗಿ ಒಳ್ಳೆಯ ಯಂತ್ರಗಳು ಧೂಳು ಹಿಡಿದು ಕೂರುತ್ತವೆ. ತರಗತಿಯಲ್ಲಿ ಇಪ್ಪತ್ತೈದು ಜನರಿಗೆ ಕೈಯಿಂದಲೇ ಮಾಡಿಸುವ ಪಾಠವನ್ನು ಶುಲ್ಕದ ಹಣದಲ್ಲೇ ನಡೆಸಬೇಕೆಂದರೆ ಶುಲ್ಕ ಏರಿಸಬೇಕು, ಇಲ್ಲವೇ ತರಗತಿಯನ್ನು ನೂರಕ್ಕೆ ಹಿಗ್ಗಿಸಬೇಕು. ಹಾಗೆ ಮಾಡಿದ ದಿನ ಆ ಕಾಲೇಜು ಹುಟ್ಟಿದ ಉದ್ದೇಶವೇ ಹೋಗಿಬಿಡುತ್ತದೆ.

ಹೊರದೇಶದ ಅನುಭವ

ಸಣ್ಣ ಪರಿಸರ ಕಾಲೇಜುಗಳು ಎಷ್ಟು ಬೇಗ ಮುಚ್ಚಿಹೋಗಬಲ್ಲವು ಎಂಬುದನ್ನು ತಿಳಿಯಲು ಅಮೆರಿಕ ಮತ್ತು ಇಂಗ್ಲೆಂಡಿನ ಕಡೆ ನೋಡಬೇಕು. ವರ್ಮಾಂಟ್ ರಾಜ್ಯದ ಗ್ರೀನ್ ಮೌಂಟನ್ ಕಾಲೇಜು 1834ರಲ್ಲಿ ಸ್ಥಾಪನೆಯಾದದ್ದು, ಪರಿಸರ ಶಿಕ್ಷಣಕ್ಕೆ ಹೆಸರಾಗಿತ್ತು; 2019ರಲ್ಲಿ ಬಾಗಿಲು ಮುಚ್ಚಿತು. ಸುಪೀರಿಯರ್ ಸರೋವರದ ದಡದಲ್ಲಿದ್ದ, ವಿಸ್ಕಾನ್ಸಿನ್‌ನ ನಾರ್ತ್‌ಲ್ಯಾಂಡ್ ಕಾಲೇಜು 2024ರ ಮಾರ್ಚ್‌ನಲ್ಲಿ, ಉಳಿಯಬೇಕಾದರೆ ತಮಗೆ 1.2 ಕೋಟಿ ಡಾಲರ್ ತುರ್ತಾಗಿ ಬೇಕು ಎಂದು ಸಾರ್ವಜನಿಕರನ್ನು ಕೇಳಿಕೊಂಡಿತು. ಒಂದು ವರ್ಷದ ಮಟ್ಟಿಗೆ ಅದು ಉಸಿರು ಹಿಡಿದುಕೊಂಡಿತು, 2025ರಲ್ಲಿ ಮುಚ್ಚಿತು. ಇಂಗ್ಲೆಂಡಿನ ಡಾರ್ಟಿಂಗ್ಟನ್‌ನಲ್ಲಿ ಸತೀಶ್ ಕುಮಾರ್ ಅವರು ಕಟ್ಟಿದ ಶೂಮಾಕರ್ ಕಾಲೇಜಿನ ಪದವಿ ತರಗತಿಗಳನ್ನು ಅದನ್ನು ನಡೆಸುತ್ತಿದ್ದ ಟ್ರಸ್ಟ್ ಹಣಕಾಸಿನ ಕಾರಣಕ್ಕೆ 2024ರಲ್ಲಿ ನಿಲ್ಲಿಸಿತು. ಇದೇ ಅವಧಿಯಲ್ಲಿ, 1969ರಲ್ಲಿ ಸ್ಥಾಪನೆಯಾಗಿ 1972ರಲ್ಲಿ 32 ವಿದ್ಯಾರ್ಥಿಗಳೊಂದಿಗೆ ಪಾಠ ಆರಂಭಿಸಿದ ಮೇನ್ ರಾಜ್ಯದ ಕಾಲೇಜ್ ಆಫ್ ದಿ ಅಟ್ಲಾಂಟಿಕ್, ಈಗಲೂ ಸುಮಾರು 350 ವಿದ್ಯಾರ್ಥಿಗಳಷ್ಟೇ ಇದ್ದರೂ, ಮಾನವ ಪರಿಸರ ವಿಜ್ಞಾನ ಎಂಬ ಒಂದೇ ಪದವಿ ನೀಡುತ್ತಾ ನಡೆಯುತ್ತಿದೆ.

ಸಂಕಟ ಬಂದ ಮೇಲೆ ಕೂಗಿ ಕರೆದು ಸೇರಿಸುವ ಹಣ ಕಾಲೇಜನ್ನು ಉಳಿಸುವುದು ಅಪರೂಪ ಎಂಬುದಕ್ಕೆ ನಾರ್ತ್‌ಲ್ಯಾಂಡ್ ಸಾಕ್ಷಿ. ಅಲ್ಲಿನ ಜನಕ್ಕೆ ಕಾಲೇಜಿನ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ಅಷ್ಟು ದೊಡ್ಡ ಕೊರತೆಯನ್ನು ಕೆಲವೇ ವಾರಗಳಲ್ಲಿ ತುಂಬುವುದು ಯಾವ ಊರಿನ ಜನರಿಂದಲೂ ಆಗದ ಕೆಲಸ.

ತಿಂಗಳ ದೇಣಿಗೆ ಮತ್ತು ವರ್ಷಕ್ಕೊಮ್ಮೆ ಕೊಡುವ ಇಡಿಗಂಟು

ತಿಂಗಳಿಗೆ 1,000 ರೂಪಾಯಿಯಂತೆ ನೂರು ಜನ ಕೊಟ್ಟರೆ ವರ್ಷಕ್ಕೆ 12 ಲಕ್ಷ ರೂಪಾಯಿ ಆಗುತ್ತದೆ. ಇದೇ 12 ಲಕ್ಷ ಬಡ್ಡಿಯಿಂದ ಬರಬೇಕಾದರೆ, ನೂರಕ್ಕೆ 7ರ ದರದಲ್ಲಿ ಸುಮಾರು 1 ಕೋಟಿ 71 ಲಕ್ಷ ರೂಪಾಯಿಯನ್ನು ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಅಷ್ಟು ಹಣ ಕೊಡುವ ಒಬ್ಬ ದಾನಿಯನ್ನು ಹುಡುಕಲು ಸಣ್ಣ ಕಾಲೇಜಿಗೆ ಹತ್ತು ವರ್ಷ ಬೇಕಾಗಬಹುದು. ನೂರು ಜನರನ್ನು ಹಳೆಯ ವಿದ್ಯಾರ್ಥಿಗಳು ಮತ್ತು ಪೋಷಕರ ನಡುವೆಯೇ ಹುಡುಕಬಹುದು. ಬ್ಯಾಂಕಿನಲ್ಲಿ ಒಮ್ಮೆ ಸ್ಥಾಯಿ ಸೂಚನೆ ಕೊಟ್ಟರೆ, ಅಥವಾ ಯುಪಿಐ ಆಟೋಪೇ ಮಾಡಿಟ್ಟರೆ, ದಾನಿಗೆ ಆಮೇಲೆ ಏನೂ ಕೆಲಸವಿಲ್ಲ. ಕಾಲೇಜಿನ ಕಡೆಗೆ ಇದರ ಲಾಭ ಹಣಕ್ಕಿಂತ ದೊಡ್ಡದು: ಮುಂದಿನ ವರ್ಷ ಎಷ್ಟು ಬರುತ್ತದೆ ಎಂದು ಅಂದಾಜು ಗೊತ್ತಿದ್ದರೆ, ಉಪನ್ಯಾಸಕರನ್ನು ಹನ್ನೊಂದು ತಿಂಗಳ ಕರಾರಿನ ಮೇಲೆ ಇಟ್ಟುಕೊಳ್ಳುವ ಬದಲು ಖಾಯಂ ಆಗಿ ನೇಮಿಸಿಕೊಳ್ಳುವ ಧೈರ್ಯ ಬರುತ್ತದೆ.

ವರ್ಷಕ್ಕೊಮ್ಮೆ ಕೊಡುವವರು ಹೆಚ್ಚಾಗಿ ಫೆಬ್ರುವರಿ, ಮಾರ್ಚ್‌ನಲ್ಲಿ ತೆರಿಗೆಯ ನೆಪದಲ್ಲಿ ಕೊಡುತ್ತಾರೆ. ಅದು ತಪ್ಪಲ್ಲ. ಆದರೆ ಕಾಲೇಜುಗಳಿಗೆ ಕೈ ಬಿಗಿಯಾಗುವುದು ಹೊಸ ವರ್ಷದ ಪ್ರವೇಶ ಮುಗಿಯುವ ಮುಂಚಿನ ತಿಂಗಳುಗಳಲ್ಲಿ, ಶುಲ್ಕ ಇನ್ನೂ ಪೂರ್ತಿ ಬಂದಿರದ ಹೊತ್ತಿನಲ್ಲಿ. ಇಡಿಗಂಟು ಕೊಡುವವರು ಸಾಧ್ಯವಾದರೆ ಮೇ, ಜೂನ್‌ನಲ್ಲಿ ಕೊಡುವುದು ಹೆಚ್ಚು ಉಪಕಾರ. ಏರುಪೇರಿನ ಆದಾಯವಿರುವ ವ್ಯಾಪಾರಿಗಳಿಗೆ ಮತ್ತು ವೃತ್ತಿನಿರತರಿಗೆ ಇಡಿಗಂಟೇ ಸೂಕ್ತ. ಸಂಬಳ ಅಥವಾ ಪಿಂಚಣಿ ಪಡೆಯುವವರಿಗೆ ತಿಂಗಳ ದೇಣಿಗೆ.

ದತ್ತಿ ನಿಧಿ

ನಮ್ಮ ನಾಡಿನಲ್ಲಿ ವಿದ್ಯೆಗೆ ಹಣ ಕೊಡುವವರ ಮನಸ್ಸಿಗೆ ಮೊದಲು ಬರುವುದು ದತ್ತಿ. 1915ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನಿಂದ ಹಿಡಿದು ಊರೂರಿನ ಕಾಲೇಜುಗಳವರೆಗೆ ದತ್ತಿ ಉಪನ್ಯಾಸ, ದತ್ತಿ ಬಹುಮಾನ, ದತ್ತಿ ಪದಕಗಳಿಲ್ಲದ ಸಂಸ್ಥೆ ಇಲ್ಲ. ಅಸಲನ್ನು ಮುಟ್ಟದೆ ಬಡ್ಡಿಯಲ್ಲಿ ಒಂದು ಕೆಲಸ ನಡೆಯಬೇಕು, ಹಿರಿಯರ ಹೆಸರು ಉಳಿಯಬೇಕು ಎಂಬ ಭಾವನೆ ಗೌರವಕ್ಕೆ ಅರ್ಹವಾದದ್ದು. ನಗರದ ಹಿರಿಯರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ನಿಂತದ್ದೂ ಇಂಥ ಭಾವನೆಯ ಮೇಲೆಯೇ: ಜೆಮ್‌ಷೆಡ್‌ಜಿ ಟಾಟಾ ಅವರು ಬಿಟ್ಟುಹೋದ ಆಸ್ತಿ, ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಜಮೀನು ಸೇರಿ 1909ರಲ್ಲಿ ಸಂಸ್ಥೆ ಆಯಿತು. ಅದರೊಳಗೇ 1983ರಲ್ಲಿ ಮಾಧವ ಗಾಡ್ಗೀಳ್ ಅವರು ಪರಿಸರ ವಿಜ್ಞಾನ ಕೇಂದ್ರವನ್ನು ಕಟ್ಟಿದರು.

ಆದರೆ ಸಣ್ಣ ಮೊತ್ತದ ದತ್ತಿಯ ಲೆಕ್ಕವನ್ನು ಕೂತು ಹಾಕಿ ನೋಡಬೇಕು. 2 ಲಕ್ಷ ರೂಪಾಯಿಯ ದತ್ತಿಗೆ ನೂರಕ್ಕೆ 7ರ ಬಡ್ಡಿಯಲ್ಲಿ ವರ್ಷಕ್ಕೆ 14,000 ರೂಪಾಯಿ ಬರುತ್ತದೆ. ಇದನ್ನು ಪ್ರತಿವರ್ಷ ಪೂರ್ತಿ ಖರ್ಚು ಮಾಡುತ್ತಾ ಹೋದರೆ ಅಸಲು ಎರಡು ಲಕ್ಷವಾಗಿಯೇ ಉಳಿಯುತ್ತದೆ. ಬೆಲೆಗಳು ಮಾತ್ರ ವರ್ಷಕ್ಕೆ ನೂರಕ್ಕೆ 6ರಂತೆ ಏರಿದರೂ ಹನ್ನೆರಡು ವರ್ಷಕ್ಕೆ ದುಪ್ಪಟ್ಟಾಗುತ್ತವೆ. ಅಂದರೆ ಇಂದು ಒಬ್ಬ ವಿದ್ಯಾರ್ಥಿಯ ಕ್ಷೇತ್ರಕಾರ್ಯಕ್ಕೆ ಸಾಲುವ ದತ್ತಿ, ಹನ್ನೆರಡು ವರ್ಷದ ನಂತರ ಅರ್ಧಕ್ಕೆ ಮಾತ್ರ ಸಾಲುತ್ತದೆ. ಚಿನ್ನದ ಪದಕದ ಕಥೆಯಂತೂ ಇನ್ನೂ ಕಠಿಣ. 2005ರ ಸುಮಾರಿನಲ್ಲಿ 10 ಗ್ರಾಂಗೆ 7,000 ರೂಪಾಯಿಯ ಆಸುಪಾಸಿನಲ್ಲಿದ್ದ ಚಿನ್ನ 2025ರಲ್ಲಿ ಒಂದು ಲಕ್ಷ ದಾಟಿತು. ಅಂದು ಇಟ್ಟ ಠೇವಣಿಯ ಬಡ್ಡಿಯಲ್ಲಿ ಇಂದು ಚಿನ್ನದ ಲೇಪವಷ್ಟೇ ಸಾಧ್ಯ. ಪರಿಸರ ಕಾಲೇಜಿಗೆ ಪದಕದ ದತ್ತಿ ಕೊಡಬೇಡಿ ಎಂದು ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ. ಅದು ಈಗಾಗಲೇ ಗೆದ್ದ ಒಬ್ಬರ ಕೊರಳಿಗೆ ಹೋಗುತ್ತದೆ. ಪಶ್ಚಿಮ ಘಟ್ಟದ ಅಧ್ಯಯನ ಪ್ರವಾಸಕ್ಕೆ ಹಣವಿಲ್ಲದೆ ಹಿಂದುಳಿಯುವ ವಿದ್ಯಾರ್ಥಿಗೆ ಅದರಿಂದ ಏನೂ ದಕ್ಕುವುದಿಲ್ಲ.

ದತ್ತಿಯೇ ಬೇಕೆನ್ನುವವರು ಮೂರು ಮಾತುಗಳನ್ನು ಬರಹದಲ್ಲಿ ಸೇರಿಸಬೇಕು. ಬಡ್ಡಿಯಲ್ಲಿ ಒಂದು ಭಾಗವನ್ನು ಅಸಲಿಗೆ ಸೇರಿಸುತ್ತಾ ಹೋಗಬೇಕು. ಉದ್ದೇಶವನ್ನು ವಿಶಾಲವಾಗಿ, ಉದಾಹರಣೆಗೆ ‘ವಿದ್ಯಾರ್ಥಿಗಳ ಕ್ಷೇತ್ರಕಾರ್ಯಕ್ಕೆ’ ಎಂದು ಹೇಳಬೇಕು. ‘ಅಂತಿಮ ವರ್ಷದ ಸಸ್ಯಶಾಸ್ತ್ರದಲ್ಲಿ ಪ್ರಥಮ ಬಂದವರಿಗೆ’ ಎಂದು ಬರೆದರೆ ಆ ವಿಷಯವೇ ನಿಂತುಹೋದಾಗ ದತ್ತಿಯೂ ನಿಂತುಬಿಡುತ್ತದೆ. ಮತ್ತು ಈ ಹಣ ಮೂಲನಿಧಿಗೆ (ಖರ್ಚು ಮಾಡದೆ ಉಳಿಸುವ ಅಸಲಿಗೆ) ಸೇರತಕ್ಕದ್ದು ಎಂಬುದನ್ನು ದಾನಿಯೇ ಪತ್ರದಲ್ಲಿ ನಮೂದಿಸಬೇಕು. ಈ ಕೊನೆಯದು ಬರೀ ಔಪಚಾರಿಕತೆಯಲ್ಲ. ತೆರಿಗೆ ವಿನಾಯಿತಿ ಪಡೆದ ಟ್ರಸ್ಟ್ ತನ್ನ ಆದಾಯದ ನೂರಕ್ಕೆ 85ರಷ್ಟನ್ನು ಆಯಾ ವರ್ಷವೇ ಉದ್ದೇಶಕ್ಕೆ ಬಳಸಬೇಕು ಎಂಬುದು ಸಾಮಾನ್ಯ ನಿಯಮ. ಮೂಲನಿಧಿಗೆಂದು ದಾನಿ ಬರೆದುಕೊಟ್ಟ ಹಣಕ್ಕೆ ಮಾತ್ರ, ಅದನ್ನು ಕಾಯ್ದೆ ಹೇಳಿದ ಹೂಡಿಕೆಗಳಲ್ಲಿ ಪ್ರತ್ಯೇಕವಾಗಿ ಇಟ್ಟರೆ, ಈ ನಿಯಮದಿಂದ ಬಿಡುವು ಸಿಗುತ್ತದೆ. ನನ್ನ ಲೆಕ್ಕದಲ್ಲಿ 10 ಲಕ್ಷಕ್ಕಿಂತ ಕಡಿಮೆ ಮೊತ್ತವನ್ನು ದತ್ತಿ ಇಡುವುದಕ್ಕಿಂತ, ಅದೇ ಹಣವನ್ನು ಐದು ವರ್ಷಗಳಲ್ಲಿ ಖರ್ಚಾಗುವಂತೆ ಹಂಚಿ ಕೊಡುವುದು ಮೇಲು. ತಂದೆತಾಯಿಯ ಹೆಸರನ್ನು ಆ ಐದು ವರ್ಷದ ವಿದ್ಯಾರ್ಥಿವೇತನಕ್ಕೂ ಇಡಬಹುದಲ್ಲ.

ವಿದ್ಯಾರ್ಥಿಯ ಕೈಗೋ, ಕಾಲೇಜಿನ ಕೈಗೋ

ಒಬ್ಬ ಬಡ ವಿದ್ಯಾರ್ಥಿಯ ಶುಲ್ಕವನ್ನು ನಾನೇ ಕಟ್ಟುತ್ತೇನೆ ಎನ್ನುವವರಿಗೆ ತಮ್ಮ ಹಣ ಎಲ್ಲಿ ಹೋಯಿತು ಎಂಬುದು ಕಣ್ಣಿಗೆ ಕಾಣುತ್ತದೆ. ಆ ಸಮಾಧಾನ ನಿಜವಾದದ್ದು. ಆದರೆ ವ್ಯಕ್ತಿಗೆ ನೇರವಾಗಿ ಕೊಟ್ಟ ಹಣಕ್ಕೆ ತೆರಿಗೆ ರಿಯಾಯಿತಿ ಇಲ್ಲ, ಆಯ್ಕೆ ದಾನಿಗೆ ಪರಿಚಯವಿರುವವರ ನಡುವೆಯೇ ನಡೆಯುತ್ತದೆ, ಮತ್ತು ಎರಡನೆಯ ವರ್ಷ ದಾನಿಗೆ ಅಡಚಣೆ ಬಂದರೆ ವಿದ್ಯಾರ್ಥಿ ನಡುನೀರಿನಲ್ಲಿ ಉಳಿಯುತ್ತಾನೆ. ಕಾಲೇಜಿನ ವಿದ್ಯಾರ್ಥಿವೇತನ ನಿಧಿಗೆ ಕೊಟ್ಟರೆ ಈ ಮೂರು ತೊಡಕುಗಳೂ ಕಡಿಮೆಯಾಗುತ್ತವೆ. ಶುಲ್ಕಕ್ಕೆ ಮಾತ್ರ ಎಂದು ಕಟ್ಟು ಹಾಕಬಾರದು. ಕೊಳ್ಳೇಗಾಲದಿಂದಲೋ ಸಿರಸಿಯಿಂದಲೋ ಬೆಂಗಳೂರಿಗೆ ಓದಲು ಬಂದ ಹುಡುಗಿಗೆ ಶುಲ್ಕಕ್ಕಿಂತ ಪಿ.ಜಿ. ಬಾಡಿಗೆಯೇ ಭಾರವಾಗಿರುತ್ತದೆ, ಒಳ್ಳೆಯ ಒಂದು ಜೊತೆ ಬೂಟು, ಮಳೆಕೋಟು ಇಲ್ಲದೆ ಅವಳು ಆಗುಂಬೆಯ ಮಳೆಯಲ್ಲಿ ಕ್ಷೇತ್ರಕಾರ್ಯ ಮಾಡಲಾರಳು.

ವಸ್ತು, ಯಂತ್ರ, ಕಟ್ಟಡ

ಇವುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಯಂತ್ರ ಕೊಡುವವರು ಅದರ ಬೆಲೆಯ ಜೊತೆಗೆ ಮೂರು ವರ್ಷದ ವಾರ್ಷಿಕ ನಿರ್ವಹಣೆಯ ಖರ್ಚನ್ನೂ ಕೊಡಬೇಕು, ಇಲ್ಲವಾದರೆ ಕೊಡಬಾರದು. ಹಳೆಯ ಕಂಪ್ಯೂಟರುಗಳನ್ನು ಕಾಲೇಜಿಗೆ ಸಾಗಿಸುವ ಮುಂಚೆ, ಅವು ಇನ್ನೆರಡು ವರ್ಷ ನಡೆಯುತ್ತವೆಯೇ ಎಂದು ಪರೀಕ್ಷಿಸಬೇಕು. ನಡೆಯದಿದ್ದರೆ ಇ-ತ್ಯಾಜ್ಯದ ವಿಲೇವಾರಿಯ ಹೊಣೆ ಕಾಲೇಜಿನ ತಲೆಗೆ ಬರುತ್ತದೆ. ವಸ್ತುರೂಪದ ದಾನಕ್ಕೆ 80ಜಿ ರಿಯಾಯಿತಿ (ದೇಣಿಗೆಗೆ ಆದಾಯ ತೆರಿಗೆಯಲ್ಲಿ ಸಿಗುವ ಕಡಿತ) ಇಲ್ಲ. ದುರ್ಬೀನು, ಕ್ಷೇತ್ರ ಕೈಪಿಡಿಗಳು, ಕನ್ನಡದ ಪರಿಸರ ಪುಸ್ತಕಗಳು ಮಾತ್ರ ಯಾವಾಗಲೂ ಉಪಯೋಗಕ್ಕೆ ಬರುತ್ತವೆ. ಕಟ್ಟಡಕ್ಕೆ ಹಣ ಕೊಡುವುದು ಆ ಕಟ್ಟಡದ ಕರೆಂಟು, ನೀರು, ಕಸಗುಡಿಸುವ ಸಂಬಳ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ ಆಗಲಿ.

ತೆರಿಗೆಯ ಲೆಕ್ಕ

ಮೊದಲು ತಿಳಿಯಬೇಕಾದದ್ದು: ಹೊಸ ತೆರಿಗೆ ಪದ್ಧತಿಯಲ್ಲಿರುವ ವ್ಯಕ್ತಿಗೆ 80ಜಿ ರಿಯಾಯಿತಿ ಸಿಗುವುದಿಲ್ಲ. 2023–24ರ ಹಣಕಾಸು ವರ್ಷದಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ, ಹಳೆಯದು ಬೇಕಿದ್ದವರು ಆರಿಸಿಕೊಳ್ಳಬೇಕು. ಹಳೆಯ ಪದ್ಧತಿಯಲ್ಲಿರುವವರಿಗೆ, 80ಜಿ ಅನುಮೋದನೆ ಇರುವ ಹೆಚ್ಚಿನ ಟ್ರಸ್ಟ್‌ಗಳಿಗೆ ಕೊಟ್ಟ ಹಣದ ಅರ್ಧದಷ್ಟು, ಒಟ್ಟು ಆದಾಯದ ಆಧಾರದ ಮೇಲಿನ ನೂರಕ್ಕೆ 10ರ ಮಿತಿಗೆ ಒಳಪಟ್ಟು, ತೆರಿಗೆಯ ಆದಾಯದಿಂದ ಕಳೆಯುತ್ತದೆ. ನೂರಕ್ಕೆ 30ರ ಹಂತದಲ್ಲಿರುವವರು 50,000 ರೂಪಾಯಿ ಕೊಟ್ಟರೆ 25,000 ಕಳೆದು, ಸೆಸ್ ಸೇರಿ 7,800 ರೂಪಾಯಿ ತೆರಿಗೆ ಉಳಿಯುತ್ತದೆ. ಅಂದರೆ ಆ ದೇಣಿಗೆಯ ನಿಜವಾದ ಭಾರ 42,200 ರೂಪಾಯಿ. ಹಳೆಯ ಪದ್ಧತಿಗೆ ಮರಳಲು ಇದೊಂದೇ ಸಾಕಾದ ಕಾರಣವಾಗಲಾರದು; ಗೃಹಸಾಲ, ಮನೆ ಬಾಡಿಗೆ ಮುಂತಾದ ಬೇರೆ ಕಡಿತಗಳನ್ನೂ ಸೇರಿಸಿ ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿ ತೀರ್ಮಾನಿಸಿ.

ನಗದಾಗಿ ಕೊಟ್ಟರೆ 2,000 ರೂಪಾಯಿಗಿಂತ ಹೆಚ್ಚಿನ ದೇಣಿಗೆಗೆ ರಿಯಾಯಿತಿ ಇಲ್ಲ. ಕಾಲೇಜು ಕೊಡುವ ರಸೀದಿ ಮಾತ್ರ ಸಾಲದು. ಅದು ತನ್ನ ದಾನಿಗಳ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಿ, ಫಾರ್ಮ್ 10ಬಿಇ ಎಂದು ಪರಿಚಿತವಾಗಿರುವ ಪ್ರಮಾಣಪತ್ರವನ್ನು ಹಣಕಾಸು ವರ್ಷ ಮುಗಿದ ನಂತರದ ಮೇ ತಿಂಗಳೊಳಗೆ ನಿಮಗೆ ಕೊಡಬೇಕು. ಪ್ಯಾನ್ ಸಂಖ್ಯೆ ಕೊಡದೆ ಹಣ ಕಳುಹಿಸಿದರೆ ಇದು ಸಿಗುವುದಿಲ್ಲ. 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಆದಾಯ ತೆರಿಗೆ ಕಾಯ್ದೆ ಬರುವುದರಿಂದ ಸೆಕ್ಷನ್‌ಗಳ ಸಂಖ್ಯೆ ಬದಲಾಗುತ್ತದೆ. ಕಾಲೇಜಿನ ರಸೀದಿಯಲ್ಲಿ 80ಜಿ ಎಂಬ ಹಳೆಯ ಹೆಸರಿನ ಜೊತೆ ಬೇರೆ ಸಂಖ್ಯೆ ಕಂಡರೆ ಗಾಬರಿಯಾಗಬೇಕಾಗಿಲ್ಲ.

ಕಂಪನಿಯ ಮೂಲಕ

ಬೆಂಗಳೂರಿನಲ್ಲಿ ಕೆಲಸ ಮಾಡುವವರಿಗೆ ಒಂದು ವಿಶೇಷ ಅನುಕೂಲವಿದೆ. ಅನೇಕ ಕಂಪನಿಗಳು ನೌಕರರು ಕೊಟ್ಟಷ್ಟೇ ಹಣವನ್ನು ತಾವೂ ಸೇರಿಸಿ ಕೊಡುತ್ತವೆ. ನಿಮ್ಮ 1,000 ರೂಪಾಯಿ ಏನೂ ಶ್ರಮವಿಲ್ಲದೆ 2,000 ಆಗುತ್ತದೆ. ಆದರೆ ಕಂಪನಿ ಸೇರಿಸುವ ಭಾಗ ವಿದೇಶದ ಪ್ರತಿಷ್ಠಾನದಿಂದ ಬರುವುದಾದರೆ ಅದು ವಿದೇಶಿ ದೇಣಿಗೆ ಆಗುತ್ತದೆ, ಆಗ ಕಾಲೇಜಿಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಮಾನವ ಸಂಪನ್ಮೂಲ ವಿಭಾಗದಲ್ಲಿ ಇದನ್ನು ಮೊದಲೇ ಕೇಳಿ ತಿಳಿಯಬೇಕು.

ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ, ಬೇರೆಯೇ ಸಂಗತಿ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ನೂರಕ್ಕೆ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಶಿಕ್ಷಣ ಮತ್ತು ಪರಿಸರ ಎರಡೂ ಆ ಪಟ್ಟಿಯಲ್ಲಿವೆ. ಮೊತ್ತ ದೊಡ್ಡದು, ಆದರೆ ಕಟ್ಟುಗಳೂ ಅಷ್ಟೇ ದೊಡ್ಡವು. ಹಣ ಪಡೆಯುವ ಸಂಸ್ಥೆ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ಎಂಬ ನೋಂದಣಿ ಮಾಡಿಸಿರಬೇಕು, ಮೂರು ವರ್ಷದ ಕೆಲಸದ ದಾಖಲೆ ಇರಬೇಕು. 2021ರ ಜನವರಿಯ ತಿದ್ದುಪಡಿಯ ನಂತರ ಈ ಹಣ ಮೂಲನಿಧಿಗೆ ಹೋಗುವಂತಿಲ್ಲ. ಯೋಜನೆಗೆ ಅವಧಿ ಇರುತ್ತದೆ. ಅದು ಮುಗಿದ ವರ್ಷ ಯೋಜನೆಗೆಂದು ನೇಮಕವಾದವರು ಮನೆಗೆ ಹೋಗುತ್ತಾರೆ. ನಿಮ್ಮ ಕಂಪನಿಯ ಸಿಎಸ್‌ಆರ್ ಸಮಿತಿಯಲ್ಲಿ ನಿಮಗೆ ಮಾತಾಡುವ ಅವಕಾಶವಿದ್ದರೆ, ಹೊಸ ಯೋಜನೆ ಹುಟ್ಟಿಸುವುದರ ಬದಲು ಕಾಲೇಜು ಈಗಾಗಲೇ ನಡೆಸುತ್ತಿರುವ ಲ್ಯಾಬ್, ಕ್ಷೇತ್ರಕಾರ್ಯ, ವಿದ್ಯಾರ್ಥಿವೇತನಗಳನ್ನೇ ಯೋಜನೆಯಾಗಿ ಬರೆದು ಒಪ್ಪಿಸಿ. ಇದಕ್ಕಿಂತ ದೊಡ್ಡ ಉಪಕಾರವನ್ನು ಒಬ್ಬ ನೌಕರ ಆ ಕಾಲೇಜಿಗೆ ಮಾಡಲಾರ.

ಆನ್‌ಲೈನ್ ವೇದಿಕೆಗಳು

ಮಿಲಾಪ್, ಗಿವ್ ಇಂಡಿಯಾ ಮುಂತಾದ ವೇದಿಕೆಗಳು ಒಂದು ನಿರ್ದಿಷ್ಟ, ಚಿಕ್ಕ, ಫೋಟೋದಲ್ಲಿ ತೋರಿಸಬಹುದಾದ ಗುರಿಗೆ ಚೆನ್ನಾಗಿ ಒದಗುತ್ತವೆ: ಕ್ಷೇತ್ರ ಪ್ರವಾಸಕ್ಕೆ, ಸುಟ್ಟುಹೋದ ಸರ್ವರ್ ಬದಲಿಸಲು, ಅಕ್ಟೋಬರ್ 2ರಿಂದ 8ರವರೆಗಿನ ದಾನ್ ಉತ್ಸವ ಎಂಬ ದೇಣಿಗೆ ವಾರದ ಸಂಗ್ರಹಕ್ಕೆ. ಹಣ ಪಾವತಿಯ ಶುಲ್ಕ, ವೇದಿಕೆಯ ಶುಲ್ಕ, ದಾನಿಯಿಂದಲೇ ಕೇಳುವ ‘ಟಿಪ್’ ಇವನ್ನು ನೋಡಿಕೊಂಡು ಮುಂದುವರಿಯಿರಿ. ಕಾಲೇಜಿನ ಬ್ಯಾಂಕ್ ಖಾತೆ ಗೊತ್ತಿರುವವರಿಗೆ ನೇರ ವರ್ಗಾವಣೆಯೇ ಮಿತವ್ಯಯ. ಸೇವಾ ಸಂಸ್ಥೆಗಳು ಹಣ ಸಂಗ್ರಹಿಸಲೆಂದಿರುವ ಸಾಮಾಜಿಕ ಷೇರು ವಿನಿಮಯ ಕೇಂದ್ರದಲ್ಲಿ 2023ರ ಡಿಸೆಂಬರ್‌ನಲ್ಲಿ ಮೊದಲು ಪಟ್ಟಿಯಾದದ್ದು ಬೆಂಗಳೂರಿನ ಉನ್ನತಿ ಸಂಸ್ಥೆ. ಆದರೆ ಅಲ್ಲಿನ ಲೆಕ್ಕಪತ್ರ ಮತ್ತು ವರದಿಯ ಹೊರೆಯನ್ನು ನೂರಿನ್ನೂರು ವಿದ್ಯಾರ್ಥಿಗಳ ಕಾಲೇಜು ಹೊರುವುದು ಸದ್ಯಕ್ಕೆ ಕಷ್ಟ.

ಹೊರದೇಶದಲ್ಲಿರುವ ಮಕ್ಕಳು ಕೊಡುವುದಾದರೆ

ಇದು ಅನೇಕ ಮನೆಗಳಲ್ಲಿ ಏಳುವ ಪ್ರಶ್ನೆ. ಮಗಳು ಅಮೆರಿಕದಲ್ಲಿದ್ದರೂ ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿದ್ದರೆ, ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಕಾಲೇಜು ಅವರ ಪಾಸ್‌ಪೋರ್ಟಿನ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಮಗ ಅಲ್ಲಿನ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯ ಪ್ರಜೆ) ಕಾರ್ಡ್ ಹೊಂದಿದ್ದರೆ ಅವರು ಕೊಡುವುದು ವಿದೇಶಿ ದೇಣಿಗೆಯೇ. ಅಂಥ ಹಣವನ್ನು, 2020ರ ತಿದ್ದುಪಡಿಯ ನಂತರ, ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆ ಮಾತ್ರ, ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಗೆ ಪಡೆಯಬೇಕು. ಅಲ್ಲಿಗೆ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ, ಹಾಗಾಗಿ ‘ದೊಡ್ಡ ಸಂಸ್ಥೆಯ ಖಾತೆಗೆ ಹಾಕಿ, ಅವರು ನಮಗೆ ಕೊಡುತ್ತಾರೆ’ ಎಂಬ ಹಳೆಯ ಉಪಾಯ ಕಾನೂನುಬಾಹಿರ. ನೋಂದಣಿ ಪಡೆಯಲು ಸಂಸ್ಥೆಗೆ ಮೂರು ವರ್ಷದ ಇತಿಹಾಸವೂ, ಆ ಅವಧಿಯಲ್ಲಿ ಉದ್ದೇಶಕ್ಕಾಗಿ ಕನಿಷ್ಠ 15 ಲಕ್ಷ ರೂಪಾಯಿಯ ಖರ್ಚೂ ಇರಬೇಕು. ಕಾಲೇಜಿಗೆ ನೋಂದಣಿ ಇಲ್ಲದಿದ್ದರೆ ಮಗನ ಹಣಕ್ಕಾಗಿ ಒಳದಾರಿ ಹುಡುಕಬೇಡಿ; ತಂದೆತಾಯಿ ತಮ್ಮ ಸ್ವಂತ ಹಣದಲ್ಲಿ ಕೊಡಲಿ, ಮಗ ರಜೆಗೆ ಬಂದಾಗ ವಾರವೊಂದು ಪಾಠ ಹೇಳಲಿ.

ಕಾಲೇಜನ್ನು ಪರೀಕ್ಷಿಸುವುದು

ಟ್ರಸ್ಟ್ ಪತ್ರ ಅಥವಾ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿಯ ನೋಂದಣಿ, ಪ್ಯಾನ್, 12ಎಬಿ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ ನೋಂದಣಿ) ಮತ್ತು 80ಜಿ ಆದೇಶಗಳು ಹಾಗೂ ಅವುಗಳ ಅವಧಿ, ನೀತಿ ಆಯೋಗದ ದರ್ಪಣ ಜಾಲತಾಣದ ನೋಂದಣಿ ಸಂಖ್ಯೆ, ಮೂರು ವರ್ಷದ ಲೆಕ್ಕಪರಿಶೋಧಿತ ತಃಖ್ತೆ (ಆದಾಯ ಖರ್ಚಿನ ಪಟ್ಟಿ), ಇವನ್ನು ಸಂಕೋಚವಿಲ್ಲದೆ ಕೇಳಬಹುದು. ಪದವಿ ಕೊಡುವ ಕಾಲೇಜಾದರೆ ಯಾವ ವಿಶ್ವವಿದ್ಯಾಲಯದ ಸಂಯೋಜನೆ ಎಂಬುದನ್ನೂ ಕೇಳಿ. ತಃಖ್ತೆಯಲ್ಲಿ ನಾನು ಮೊದಲು ನೋಡುವುದು ಸಂಬಳದ ಸಾಲನ್ನು. ಸಂಬಳಕ್ಕೆ ಹೆಚ್ಚು ಹೋಗುತ್ತಿದೆ ಎಂದು ಕೆಲವರು ಮುಖ ಸಿಂಡರಿಸುತ್ತಾರೆ. ಕಾಲೇಜೆಂದರೆ ಪಾಠ ಮಾಡುವವರೇ ಆಗಿರುವಾಗ ಸಂಬಳಕ್ಕೆ ಹೋಗದಿದ್ದರೆ ಇನ್ನೆಲ್ಲಿಗೆ ಹೋಗಬೇಕು? ಆಮೇಲೆ, ನಾಳೆಯಿಂದ ಒಂದು ರೂಪಾಯಿಯೂ ಬರದಿದ್ದರೆ ಎಷ್ಟು ತಿಂಗಳು ಸಂಬಳ ಕೊಡಬಲ್ಲರು ಎಂದು ಕೇಳಿ. ನೇರವಾಗಿ ಉತ್ತರಿಸುವ ಪ್ರಾಂಶುಪಾಲರನ್ನು ನಂಬಬಹುದು, ಉತ್ತರ ಎರಡೇ ತಿಂಗಳು ಎಂದಾಗಿದ್ದರೂ ಸಹ.

1996ರಲ್ಲಿ ಆರಂಭವಾದ ಏಟ್ರಿಯಂಥ ಹೆಸರಾಂತ ಸಂಶೋಧನಾ ಸಂಸ್ಥೆಗಳೂ ಬೆಂಗಳೂರಿನಲ್ಲಿವೆ, ಅವಕ್ಕೆ ಕೊಡುವುದೂ ಪರಿಸರಕ್ಕೆ ಕೊಟ್ಟಂತೆಯೇ. ದೊಡ್ಡ ಸಂಸ್ಥೆಗಳಲ್ಲಿ ಲೆಕ್ಕಪತ್ರ ಅಚ್ಚುಕಟ್ಟು, ಅನುಮತಿಗಳೆಲ್ಲ ಸಿದ್ಧ. ದೊಡ್ಡ ಸಂಶೋಧನೆಯನ್ನು ಬೆಂಬಲಿಸಬೇಕೆನ್ನುವವರು ಅಲ್ಲಿಗೇ ಕೊಡಲಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರನ್ನು ಕೆರೆಯ ದಡಕ್ಕೆ ಕರೆದೊಯ್ದು ಕೈಹಿಡಿದು ಕಲಿಸುವ ಕೆಲಸವನ್ನು ಬಹುಮಟ್ಟಿಗೆ ಮಾಡುವುದು ಸಣ್ಣ ಕಾಲೇಜು, ಮತ್ತು ನಿಮ್ಮ ತಿಂಗಳ ಸಾವಿರ ರೂಪಾಯಿ ಅಲ್ಲಿ ಎದ್ದು ಕಾಣುತ್ತದೆ.

ಜಮೀನು ಮತ್ತು ಉಯಿಲು

ಜಮೀನು ಕೊಡುವವರು ದಾನಪತ್ರವನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಇಬ್ಬರು ಸಾಕ್ಷಿಗಳೊಂದಿಗೆ ನೋಂದಾಯಿಸಲೇಬೇಕು. ನೋಂದಣಿ ಇಲ್ಲದ ಸ್ಥಿರಾಸ್ತಿಯ ದಾನ ಊರ್ಜಿತವಲ್ಲ. ಕೃಷಿ ಜಮೀನಾದರೆ ಭೂ ಪರಿವರ್ತನೆಯ ವಿಚಾರವನ್ನು ವಕೀಲರ ಜೊತೆ ಮೊದಲೇ ಚರ್ಚಿಸಬೇಕು. ಉಯಿಲಿಗೆ ಮುದ್ರಾಂಕ ಶುಲ್ಕವಿಲ್ಲ, ನೋಂದಣಿಯೂ ಕಡ್ಡಾಯವಲ್ಲ, ಬರೆದವರ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಸಾಕು. ಬದುಕಿರುವವರೆಗೆ ಹಣ ಕೈಯಲ್ಲೇ ಇರುತ್ತದೆ, ಕಾಯಿಲೆ ಕಸಾಲೆಗೆ ಬೇಕಾದರೆ ಬಳಸಿಕೊಳ್ಳಬಹುದು, ಮನಸ್ಸು ಬದಲಾದರೆ ಹೊಸ ಉಯಿಲು ಬರೆಯಬಹುದು. ಹಾಗಾಗಿ ಪಿಂಚಣಿಯಲ್ಲಿ ಜೀವನ ನಡೆಸುವ ಹಿರಿಯರಿಗೆ, ತಿಂಗಳಿಗೆ ಒಂದು ಸಣ್ಣ ಮೊತ್ತ ಮತ್ತು ಉಯಿಲಿನಲ್ಲಿ ಒಂದು ಪಾಲು, ಈ ಎರಡರ ಜೋಡಿಯನ್ನೇ ನಾನು ಸೂಚಿಸುತ್ತೇನೆ. ಸ್ವಯಾರ್ಜಿತ ಆಸ್ತಿಯನ್ನೇ ಕೊಡಿ, ಪಿತ್ರಾರ್ಜಿತದಲ್ಲಿ ಇತರರ ಹಕ್ಕು ಇರುತ್ತದೆ. ಕಾಲೇಜಿನ ಹೆಸರಿನ ಜೊತೆ ಅದನ್ನು ನಡೆಸುವ ಟ್ರಸ್ಟ್‌ನ ಪೂರ್ಣ ಹೆಸರು, ನೋಂದಣಿ ಸಂಖ್ಯೆ ಬರೆಯಿರಿ. ಆ ವೇಳೆಗೆ ಕಾಲೇಜು ಇಲ್ಲದೆ ಹೋದರೆ ಹಣ ಯಾವ ಸಂಸ್ಥೆಗೆ ಸೇರಬೇಕು ಎಂಬುದನ್ನೂ ಹೆಸರಿಸಿ. ಮನೆಯವರಿಗೆ ಈ ಮಾತನ್ನು ಮುಂಚಿತವಾಗಿ ತಿಳಿಸಿ, ಉಯಿಲಿನ ಒಂದು ಪ್ರತಿಯನ್ನು ನಿರ್ವಾಹಕರಾಗಿ ನೇಮಿಸಿದವರ ಕೈಯಲ್ಲಿ ಕೊಟ್ಟಿಡಿ.